ಟೆಂಟ್ ಸಿನಿಮಾದ ಆಪರೇಟರ್

ಹೊಸದುರ್ಗದ ಟೆಂಟ್ ಸಿನಿಮಾಕ್ಕೆ ನಾನು ಮೊದಲ ಗಂಟೆ ಬಾರಿಸಿದ ಕೂಡಲೇ ಹೋಗಿ ಕೂರುತ್ತಿದ್ದೆ. ಚಿತ್ರ ನಿಧಾನವಾಗಿ ಶುರುವಾಗಿ ಜನ ಗೊಣಗಿದರೆ ಆಪರೇಟರ್ ಕ್ಯಾಬಿನ್ನಿನಿಂದ ತಲೆ ಹೊರಹಾಕಿ, "ಕುಂತ್ಕಳ್ರಿ, ಮುಂದೈತೆ ಮಜ" ಎನ್ನುತ್ತಿದ್ದ.

ಒಮ್ಮೆ ಬಂದ ಚಿತ್ರದಲ್ಲಿ ತಾಯಿ ಮಗನಿಗೆ ರೊಟ್ಟಿ ತಟ್ಟಿ ಬಡಿಸುವುದರಲ್ಲೇ ಮೊದಲ ರೀಲು ಮುಗಿಯಿತು. ಮತ್ತೋಡಿನ ಕಡೆಯ ಕುರಿಗಾಹಿಗಳು, "ಲೇ, ನಮ್ಮವ್ವ ಇದ್ಕಿಂತ ಬಿರ್ರನೆ ಬಡಿಸ್ತಾಳೆ, ಹೋಗಾಣ ನಡಿ" ಎಂದು ಎದ್ದರು. ನಾಳೆಯೂ ಜನ ಎದ್ದರೆ ನೀನೂ ಎದ್ದು ಹೋಗು ಎಂದು ಮಾಲೀಕ ಆಪರೇಟರನಿಗೆ ಎಚ್ಚರಿಸಿದ್ದು ನನಗೂ ಕೇಳಿಸಿತು.

ಮರುದಿನ ಅದೇ ಚಿತ್ರ ತಾಯಿಯ ಕೊಲೆಯಿಂದಲೇ ಶುರುವಾಯಿತು. ಇವನು ಮೊದಲ ರೀಲನ್ನೇ ನುಂಗಿದ್ದಾನೆ ಎಂಬ ಅನುಮಾನ ಬಂದು ಇಂಟರ್‌ವಲ್ಲಿನಲ್ಲಿ ಹೋಗಿ ಕೇಳಿದೆ.

"ಎಲ್ಲೂ ಹೋಗಿಲ್ಲ ಸಾ, ಇಲ್ಲೇ ಐತೆ" ಎಂದು ರೀಲಿನ ಡಬ್ಬಿ ತಟ್ಟಿದ. ನಾನು ನಂಬಲಿಲ್ಲ.

ಇಂಟರ್‌ವಲ್ ಮುಗಿದ ಕೂಡಲೇ ಪರದೆಯ ಮೇಲೆ ಅದೇ ರೀಲು ಬಂತು. ಸತ್ತ ತಾಯಿ ಒಲೆಯ ಮುಂದೆ ಕೂತು ನಿಧಾನವಾಗಿ ರೊಟ್ಟಿ ತಟ್ಟುತ್ತಿದ್ದಳು. ಯಾರೂ ಏಳಲಿಲ್ಲ. ಕೆಲವರು ಟವಲಿನಿಂದ ಕಣ್ಣು ಒರೆಸಿಕೊಂಡರು.

ಮಾಲೀಕ ಕ್ಯಾಬಿನ್ನಿನೊಳಗೆ ಇಣುಕಿ, "ಏನ್ ಕಿತಾಪತಿ ಮಾಡಿದ್ಯೋ?" ಎಂದ.

"ನಾನೇನು ಮಾಡ್ಲಿ ಸಾವ್ಕಾರ್ರೇ? ಇವತ್ತು ಜನಕ್ಕೇ ಪುರುಸೊತ್ತೈತೆ."