ಜಾಹೀರಾತು ಒತ್ತಿದವರು

ಅರಸೀಕೆರೆ ರೈಲು ನಿಲ್ದಾಣದ ಎದುರು ನನ್ನದೊಂದು ಕೊಬ್ಬರಿ ಮಿಠಾಯಿ ಅಂಗಡಿ ಇದೆ. ಊರೂರಿಗೆ ಪಾರ್ಸೆಲ್ ಕಳಿಸುವ ಆಸೆ ಹುಟ್ಟಿ ಕಳೆದ ವರ್ಷ ಇಂಟರ್‌ನೆಟ್ಟಿನಲ್ಲಿ ಜಾಹೀರಾತು ಕೊಟ್ಟೆ. ಯಾರಾದರೂ ಫೋನಿನಲ್ಲಿ ಕೊಬ್ಬರಿ ಮಿಠಾಯಿ ಹುಡುಕಿದರೆ ನನ್ನ ಅಂಗಡಿ ಮೇಲೆ ಬರುತ್ತದೆ. ಬಂದರೆ ಖರ್ಚಿಲ್ಲ, ಒತ್ತಿದರೆ ಮಾತ್ರ, ಅವರು ಕೊಂಡರೂ ಬಿಟ್ಟರೂ, ನನ್ನ ದುಡ್ಡು ಹೋಗುತ್ತದೆ. ದಿನಕ್ಕೆಂದು ಇಟ್ಟ ದುಡ್ಡು ಮುಗಿದರೆ ಮರುದಿನದವರೆಗೆ ಜಾಹೀರಾತು ಮಾಯ.

ನನ್ನದು ಬೆಳಗಿನ ತಿಂಡಿ ಹೊತ್ತಿಗೇ ಮಾಯವಾಗುತ್ತಿತ್ತು. ಆರ್ಡರ್ ಮಾತ್ರ ಒಂದೂ ಇಲ್ಲ. ಜಾಹೀರಾತು ಹಾಕಿಕೊಟ್ಟವರಿಗೆ ಫೋನು ಮಾಡಿದರೆ, "ನಿಮ್ಮ ಊರ ಕಡೆಯವರೇ ಯಾರೋ ಬೇಕಂತ ಒತ್ತುತ್ತಿದ್ದಾರೆ ಮೇಡಂ, ಎದುರಾಳಿ ಇರಬಹುದು" ಎಂದರು.

ನನಗೆ ಅಷ್ಟು ಸಾಕಾಯಿತು. ಎರಡು ಅಂಗಡಿ ಆಚೆ ಇನ್ನೊಬ್ಬರು ಮಿಠಾಯಿ ಮಾರುತ್ತಾರೆ. ಶುರುವಿನಲ್ಲಿ ನನಗೆ ಪಾಕದ ಹದ ಹೇಳಿಕೊಟ್ಟವರೇ ಅವರು. ಮೂಗಿನ ತುದಿಯಲ್ಲೇ ಕೋಪ ಇರುವವಳಿಗೆ ಅದೆಲ್ಲ ನೆನಪಿರುತ್ತದೆಯೇ? ರೈಲಿಗೆ ಹೊರಟ ಗಿರಾಕಿಗಳು ಅಂಗಡಿ ತುಂಬ ನಿಂತಿದ್ದಾಗಲೇ ನುಗ್ಗಿ, "ಹೊಟ್ಟೆಕಿಚ್ಚಿಗೂ ಒಂದು ಮಿತಿ ಬೇಡ್ವಾ? ಇನ್ನೊಬ್ಬರ ಅನ್ನಕ್ಕೆ ಕಲ್ಲು ಹಾಕ್ತೀರಾ?" ಎಂದು ಕೂಗಾಡಿದೆ.

ಅವರು ಪೊಟ್ಟಣ ಕಟ್ಟುತ್ತಿದ್ದ ಕೈ ನಿಲ್ಲಿಸಿ, "ನಿಮ್ಮಂಗಡಿ ಇಲ್ಲೇ ಐತಲ್ಲ ಕಣಮ್ಮ, ಫೋನಲ್ಲಿ ಯಾಕ್ ನೋಡ್ಲಿ?" ಎಂದರು. ಗಿರಾಕಿಯೊಬ್ಬ ತೆಗೆದುಕೊಂಡಿದ್ದ ಮಿಠಾಯಿಯನ್ನು ತಿರುಗಿ ತಟ್ಟೆಗಿಟ್ಟು ಹೊರಟ. ಗೆದ್ದೆ ಅಂದುಕೊಂಡೆ ನಾನು.

ಆ ಭಾನುವಾರ ಕಣಕಟ್ಟೆಯ ತವರಿಗೆ ಹೋಗಿದ್ದೆ. ಅಮ್ಮ ಪೂಜೆ ಮುಗಿಸಿ, ವಿಭೂತಿ ಮೆತ್ತಿದ ಕೈಯಲ್ಲೇ ಫೋನು ಹಿಡಿದು ಕೂತಳು. ಕೊಬ್ಬರಿ ಮಿಠಾಯಿ ಎಂದು ಹುಡುಕಿದಳು, ನನ್ನ ಜಾಹೀರಾತು ಬಂತು. ಒತ್ತಿದಳು, ಮುಚ್ಚಿದಳು, ಫೋನನ್ನು ಕಣ್ಣಿಗೊತ್ತಿಕೊಂಡಳು.

"ದಿನಾ ಮಾಡ್ತೀನಿ ಕಣೇ. ನಿಮ್ಮತ್ತೆ, ಚಿಕ್ಕಮ್ಮ, ಬೀದಿಯೋರ್ಗೆಲ್ಲ ಒತ್ತೋಕ್ ಹೇಳಿದೀನಿ. ಜಾಸ್ತಿ ಜನ ನೋಡಿದ್ರೆ ನಿಂಗ್ ಒಳ್ಳೇದಾಗ್ತೈತೆ."

ಇವಳನ್ನು ಯಾವ ಬಾಯಲ್ಲಿ ಬೈಯಲಿ? "ಇನ್ಮೇಲೆ ಬೇಡಮ್ಮ, ವ್ಯಾಪಾರ ಚೆನ್ನಾಗೈತೆ" ಎಂದೆ.

ಮರುದಿನ ಆ ಮಿಠಾಯಿಯವರ ಅಂಗಡಿ ಮುಂದೆ ಹೋಗಿ ನಿಂತೆ. ಜನ ಇದ್ದರು, ಎಲ್ಲರೂ ಹೋಗಲಿ ಎಂದು ಕಾದೆ. ಕೂಗಾಡುವಾಗ ಹೀಗೆ ಕಾದಿರಲಿಲ್ಲ. ಆಮೇಲೆ ಒಳಗೆ ಹೋಗಿ, ಒತ್ತಿದ್ದು ನನ್ನ ಅಮ್ಮ ಎಂದು ಹೇಳಿ, ತಪ್ಪಾಯಿತೆಂದು ಕೈಮುಗಿದೆ.

"ಆಗ್ಲಿ ಬಿಡಿ" ಎಂದರು. ತಟ್ಟೆಯ ಮಿಠಾಯಿ ಜೋಡಿಸುತ್ತ, ನನ್ನ ಮುಖ ನೋಡದೆ, "ಆವತ್ತು ಇಲ್ಲಿ ಗಿರಾಕಿಗಳು ನಿಂತಿದ್ರಲ್ಲ, ಅವರ್ಗೂ ಒಂದ್ ಮಾತು ಹೇಳ್ಬಿಡಿ" ಎಂದರು.

ನಾನು ಆಗಲಿ ಎಂದು ತಲೆಯಾಡಿಸಿದೆ. ಅವರೆಲ್ಲ ಆವತ್ತೇ ರೈಲು ಹತ್ತಿ ಹೋಗಿದ್ದರು.