ಗೋಡೆಪ್ಪನ ಅರ್ಧ ಅಂಕ

ಗೋಡೆಪ್ಪ ಎಂಬುದು ತಂದೆ ತಾಯಿ ಇಟ್ಟ ಹೆಸರಲ್ಲ. ಚದುರಂಗ ನೋಡಲು ಬರುವವರು ಹಲ್ಲು ಕಡಿದು ಇಟ್ಟದ್ದು. ದೊಡ್ಡ ದೊಡ್ಡ ಪಂದ್ಯಾವಳಿಗಳಲ್ಲಿ ಎರಡು ವರ್ಷದಿಂದ ಆತನನ್ನು ಯಾರೂ ಸೋಲಿಸಿರಲಿಲ್ಲ. ಆತನೂ ಅಪರೂಪಕ್ಕೆ ಒಬ್ಬಿಬ್ಬರನ್ನು ಬಿಟ್ಟರೆ ಯಾರನ್ನೂ ಸೋಲಿಸಿರಲಿಲ್ಲ. ಡ್ರಾ, ಮತ್ತೆ ಡ್ರಾ. ಆತ ಮೇಜಿಗೆ ಬಂದರೆ ಮುಂದಿನ ಸಾಲಿನವರು ಎದ್ದು ಚಹಾಕ್ಕೆ ಹೋಗುತ್ತಿದ್ದರು. ಇವನ ಆಟದಲ್ಲಿ ಕಾಯಿಗಳಿಗೆ ಧೂಳು ಹಿಡಿಯುತ್ತದೆ ಎಂದು ಆತನ ಕಿವಿಗೆ ಬೀಳುವಂತೆಯೇ ಆಡಿಕೊಳ್ಳುತ್ತಿದ್ದರು.

ಆ ಮನುಷ್ಯನೇ ಹಾಗೆ. ಚಹಾ ಆರಿದ ಮೇಲೆ ಕುಡಿಯುವುದು, ಬೀಗ ಹಾಕಿ ಮತ್ತೆ ಮತ್ತೆ ಜಗ್ಗಿ ನೋಡುವುದು, ಮೆಟ್ಟಿಲಿಳಿಯುವಾಗ ಕಂಬಿ ಬಿಡದಿರುವುದು. ತಂದೆ ತಾಯಿ ತೀರಿಕೊಂಡಾಗ ತಮ್ಮನಿನ್ನೂ ಚಿಕ್ಕವನು. ಅವನನ್ನು ಸಾಕಿದ್ದು, ಆಟ ಕಲಿಸಿದ್ದು ಈ ಅಣ್ಣನೇ. ಸೋತು ಬರಿಗೈಯಲ್ಲಿ ಮನೆಗೆ ಬರುವ ಧೈರ್ಯ ಆತನಿಗೆ ಆಗ ಇರಲಿಲ್ಲ. ಆಮೇಲೂ ಬರಲಿಲ್ಲ.

ಈ ಸಲ ಕೊನೆಯ ಸುತ್ತಿನಲ್ಲಿ ಎದುರಿಗೆ ಕುಳಿತವನು ಆ ತಮ್ಮನೇ. ಮುಂದಿದ್ದವರೆಲ್ಲ ಒಬ್ಬರನ್ನೊಬ್ಬರು ಸೋಲಿಸಿಕೊಂಡಿದ್ದರಿಂದ, ಡ್ರಾ ಆಗಿ ಅರ್ಧ ಅಂಕ ಬಂದರೂ ಕಪ್ ಅಣ್ಣನದು. ತಮ್ಮನಿಗೆ ಕಪ್ಪಿನ ಚಿಂತೆಯಿರಲಿಲ್ಲ. ಹಿಂದಿನ ವಾರ ಅವನ ಮಗಳು ಶಾಲೆಯ ಪಂದ್ಯದಲ್ಲಿ ಗೆಲ್ಲುವ ಆಟವನ್ನು ಡ್ರಾ ಮಾಡಿಕೊಂಡು ಬಂದು, ದೊಡ್ಡಪ್ಪ ಹೇಳಿಕೊಟ್ಟದ್ದೆಂದು ಹೆಮ್ಮೆಪಟ್ಟಿದ್ದಳು. ಅಂದಿನಿಂದ ಅವನಿಗೆ ಅಣ್ಣನ ಮೇಲೆ ಸಿಟ್ಟು. ಕೈ ಕುಲುಕುವಾಗ ಮೆಲ್ಲಗೆ ಹೇಳಿದ: "ಇವತ್ತು ಆಡು. ಇಲ್ಲಾಂದ್ರೆ ಶನಿವಾರ ಮಗಳಿಗೆ ಪಾಠ ಅಂತ ನಮ್ಮನೆ ಬಾಗಿಲಿಗೆ ಬರ್ಬೇಡ."

ಮಕ್ಕಳಿಲ್ಲದ ಗೋಡೆಪ್ಪನಿಗೆ ವಾರವೆಂದರೆ ಆ ಶನಿವಾರವೊಂದೇ.

ಆದರೂ ಕೈ ತನ್ನ ಚಾಳಿ ಬಿಡಲಿಲ್ಲ. ಆನೆಯನ್ನು ಒಂದು ಮನೆ ಆಚೆ, ಒಂದು ಮನೆ ಈಚೆ ನಡೆಸತೊಡಗಿತು. ಬೇರೆ ದಾರಿ ಕಾಣದೆ ತಮ್ಮನೂ ತನ್ನ ರಾಜನನ್ನು ಅತ್ತಿತ್ತ ಆಡಿಸಿದ. ಒಂದೇ ಸ್ಥಿತಿ ಮೂರನೆಯ ಸಲ ಬಂದರೆ ಡ್ರಾ ಕೇಳಬಹುದು. ಆದರೆ ಕಾಯಿ ಮುಟ್ಟುವ ಮೊದಲೇ ನಡೆಯನ್ನು ಹಾಳೆಯಲ್ಲಿ ಬರೆದು ತೀರ್ಪುಗಾರ್ತಿಗೆ ಹೇಳಬೇಕು. ಇಷ್ಟು ವರ್ಷ ಎದುರಾಳಿಗಳೇ ತಲೆಯಾಡಿಸಿ ಕೈ ಚಾಚುತ್ತಿದ್ದುದರಿಂದ ಗೋಡೆಪ್ಪ ಆ ಕ್ರಮವನ್ನೇ ಮರೆತಿದ್ದ. ಆನೆಯನ್ನು ಇಟ್ಟು, ಆಮೇಲೆ ಕೈಯೆತ್ತಿದ.

"ಕಾಯಿ ನಡೆಸಿಬಿಟ್ರಲ್ಲ ಸಾರ್," ಎಂದಳು ತೀರ್ಪುಗಾರ್ತಿ. "ಈಗ ಕೇಳೋ ಹಕ್ಕು ಅವರದು."

"ನಂಗೆ ಬೇಡ ಮೇಡಂ," ಎಂದ ತಮ್ಮ.

ಸಿಟ್ಟಿನಲ್ಲಿ ಪದಾತಿಯೊಂದನ್ನು ಮುಂದೆ ದೂಡಿದ. ಆ ಸಿಟ್ಟೇ ಅವನ ರಾಜನ ಬಾಗಿಲು ತೆರೆಯಿತು. ಚಹಾಕ್ಕೆ ಹೋದವರು ಸುದ್ದಿ ಕೇಳಿ ಓಡಿಬಂದರು. ಆನೆಯನ್ನು ಬಲಿ ಕೊಟ್ಟರೆ ಗೆಲುವು. ಗೋಡೆಪ್ಪನಿಗೆ ಅದು ನಿಚ್ಚಳವಾಗಿ ಕಂಡಿತು. ಬಹಳ ಹೊತ್ತು ನೋಡಿದ. ಎಲ್ಲಾದರೂ ಎಣಿಕೆ ತಪ್ಪಿದ್ದರೆ? ಆನೆಯ ತಂಟೆಗೆ ಹೋಗದೆ ಮಂತ್ರಿಯಿಂದ ಚೆಕ್ ಕೊಟ್ಟ. ರಾಜ ಸರಿದ, ಮತ್ತೆ ಚೆಕ್, ಮತ್ತೆ ಚೆಕ್. ಅದೇ ಸ್ಥಿತಿ ಮೂರನೆಯ ಸಲ ಬರುವಾಗ, ಈ ಸಲ ಮೊದಲು ನಡೆಯನ್ನು ದುಂಡಗೆ ಬರೆದ, ಆಮೇಲೆ ತೀರ್ಪುಗಾರ್ತಿಯನ್ನು ಕರೆದ. ಆಟ ಡ್ರಾ ಆಯಿತು.

ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ತಮ್ಮ ಹಾಳೆಯ ಮೇಲೆ ಸಹಿ ಗೀಚಿದ.

"ಆನೆ ಕೊಟ್ಟಿದ್ರೆ ನನ್ನ ಕತೆ ಮುಗೀತಿತ್ತು. ಕಾಣ್ಲಿಲ್ವಾ?"

"ಕಂಡಿತ್ತು. ನೀನು ಸೋತುಹೋಗ್ತೀಯಲ್ಲ ಅಂತ..."

ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು.

"ನಿನ್ನ ಭಯಾನ ನನ್ನ ತಲೆಗೆ ಕಟ್ಬೇಡಣ್ಣ," ಎಂದು ತಮ್ಮ ಕುರ್ಚಿ ಹಿಂದೆ ತಳ್ಳಿ ಎದ್ದ. "ಶನಿವಾರ ಬರ್ಬೇಡ."

ಕಪ್ ಕೊಟ್ಟರು. ಗೋಡೆಪ್ಪ ಅದನ್ನು ಕಂಕುಳಲ್ಲಿ ಇರುಕಿಕೊಂಡು ಮೆಟ್ಟಿಲಿಗೆ ಬಂದಾಗ ಕೆಳಗೆ ತಮ್ಮನ ಗಾಡಿ ಶುರುವಾದ ಸದ್ದು ಕೇಳಿಸಿತು. ಎರಡೆರಡು ಮೆಟ್ಟಿಲು ಹಾರಿದ್ದರೆ ಸಿಗುತ್ತಿದ್ದನೇನೋ. ಗೋಡೆಪ್ಪ ಕಂಬಿ ಬಿಡಲಿಲ್ಲ.