ಹರಕೆ ಹುಂಜದ ಎರಡು ಗರಿ

ಎಡಗೈಯಲ್ಲಿ ಹುಂಜವನ್ನು ಅವುಚಿಕೊಂಡು ಬಲಗೈಯಲ್ಲಿ ಇದನ್ನು ಬರೆಯುತ್ತಿದ್ದೇನೆ. ತಪ್ಪು ನನ್ನದೇ.

ದೊಡ್ಡಬಳ್ಳಾಪುರ ಸ್ಟೇಷನ್ನಿನ ಬೆಂಚಿನಲ್ಲಿ ಬಿಳಿ ದೊರೆಯೊಬ್ಬ ಗಾಳಕ್ಕೆ ಪುಕ್ಕ, ಜರಿ ಎಳೆ ಸುತ್ತಿ, ಮೀನನ್ನು ಮರುಳುಮಾಡುವ ಸುಳ್ಳು ಮರಿಮೀನು ಕಟ್ಟುತ್ತಿದ್ದ. ತನ್ನೂರಿಂದ ತಂದ ಬಿಳಿ ಪುಕ್ಕ ಮುಗಿದು ಪೇಚಾಡಿದ. ಹೈಸ್ಕೂಲು ಇಂಗ್ಲಿಷು ತೋರಿಸುವ ಚಪಲಕ್ಕೆ, "ಕೆಂಪು ಪುಕ್ಕ ಆದೀತೇ ಸಾರ್?" ಎಂದೆ. ಪಕ್ಕದ ಮುದುಕಿ ನೀರು ಕುಡಿಯಲು ಹೋದದ್ದೇ ತಡ, ಅವಳ ಬುಟ್ಟಿಯಲ್ಲಿದ್ದ ಹುಂಜದ ಬಾಲದಿಂದ ಎರಡು ಗರಿ ಕಿತ್ತುಕೊಟ್ಟೆ. ಹುಂಜ ಇಡೀ ಸ್ಟೇಷನ್ನಿಗೆ ದೂರು ಹೇಳಿತು.

ಮುದುಕಿ ಓಡಿಬಂದಳು. "ಅಯ್ಯೋ, ಸೊಸೆ ಹೆರಿಗೆ ಸಸೂತ್ರ ಆಗ್ಲಿ ಅಂತ ಮಾರಮ್ಮಂಗೆ ಹೊತ್ಕೊಂಡಿದ್ದ ಹುಂಜ! ಊನ ಆದ್ರೆ ಅಮ್ಮ ಒಪ್ತಾಳಾ?"

"ನಾನೇ ಕಿತ್ತೆ ಕಣಮ್ಮಾ, ತಪ್ಪಾಯ್ತು."

"ತಲೆ ನರೆತ್ರೂ ಕೈಗೆ ಬುದ್ಧಿ ಬರ್ಲಿಲ್ವಾ ಅಯ್ಯಾ? ಇದ್ದಂಗೆ ಮಾಡ್ಕೊಡು!"

ದೊರೆಗೆ ವಿವರಿಸಿದೆ. ಅವನು ನಗಲಿಲ್ಲ. ಗಾಳಕ್ಕೆ ಆಗಲೇ ಸುತ್ತಿದ್ದ ಗರಿಗಳನ್ನು ಬಿಚ್ಚಿ, ರೇಷ್ಮೆ ದಾರದಿಂದ ಹುಂಜದ ಬಾಲಕ್ಕೇ ಬಿಗಿದ. ಜರಿ ಎಳೆಯನ್ನೂ ಸೇರಿಸಿದ.

ಮುದುಕಿ ತಿರುಗಿಸಿ ತಿರುಗಿಸಿ ನೋಡಿದಳು. "ಮೊದ್ಲಿಗಿಂತ ಚೆಂದಾಗೈತೆ. ಆದ್ರೆ ಅಮ್ಮನ ಮುಂದೆ ಸುಳ್ಳು ಹೇಳಕಾಗಲ್ಲ. ಗುಡಿಗೆ ನೀನೇ ಬಂದು ಒಪ್ಕೋ," ಎಂದು ಹುಂಜವನ್ನು ನನ್ನ ಕೈಗೇ ಕೊಟ್ಟಳು.

ನನ್ನ ರೈಲು ಈಗತಾನೆ ಹೋಯಿತು. ಅವಳ ಎತ್ತಿನ ಗಾಡಿ ಬರುತ್ತಿದೆ. ದಾರಿಯಲ್ಲಿ ಬಾಲ ಸಡಿಲವಾದೀತೆಂದು ದೊರೆಯೂ ದಾರದುಂಡೆ ಹಿಡಿದು ಎದ್ದಿದ್ದಾನೆ.